ಲಂಡನ್ ಊರನ್ನು ಮೇಲಿಂದ ನೋಡಲು ದುಡ್ಡು ಕೊಡಲೇಬೇಕಾ?

ಪ್ರಶ್ನೆ: ಮಗಳನ್ನು ನೋಡಲು ಲಂಡನ್‌ಗೆ ಹೊರಟಿದ್ದೇವೆ. ಎತ್ತರದ ಕಟ್ಟಡ ಹತ್ತಿ ಊರು ನೋಡೋಕೆ ಟಿಕೆಟ್ ದುಬಾರಿ ಅಂತಾರೆ. ಪುಕ್ಕಟೆ ಜಾಗಗಳೂ ಇವೆಯಂತೆ. ನಿಜಾನಾ? ಒಳಗೆ ಹೋದಮೇಲೆ ಏನಾದರೂ ಕೊಳ್ಳಲೇಬೇಕಾ?

ನಿಜ. ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಮೇಲೆ ಕಾಫಿ ಅಂಗಡಿ, ಬಾರ್ ಇರುತ್ತವೆ, ಆದರೆ ಏನಾದರೂ ತಗೊಳ್ಳಿ ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಹೆಚ್ಚಿನ ಕಡೆ ಮೊದಲೇ ಆನ್‌ಲೈನ್‌ನಲ್ಲಿ ಸ್ಲಾಟ್ ಬುಕ್ ಮಾಡಿಕೊಂಡಿರಬೇಕು, ಅಷ್ಟೇ.

ಲಂಡನ್‌ಗೆ ಹೊರಟವರು ಇದನ್ನು ತುಂಬಾ ಕೇಳುತ್ತಾರೆ. ಕೇಳುವಾಗ ಸ್ವಲ್ಪ ಸಂಕೋಚವೂ ಇರುತ್ತದೆ. ಅಷ್ಟು ದೊಡ್ಡ ಆಫೀಸ್ ಕಟ್ಟಡದೊಳಗೆ ನಮ್ಮಂಥವರನ್ನು ಸುಮ್ನೆ ಬಿಡ್ತಾರಾ ಅಂತ. ಅದಕ್ಕೇ, ಇದು ಯಾಕೆ ಪುಕ್ಕಟೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ.

ಲಂಡನ್‌ನ ಹಳೆಯ ವ್ಯಾಪಾರ ಕೇಂದ್ರಕ್ಕೆ 'ಸಿಟಿ' ಅಂತಲೇ ಹೆಸರು. ಬ್ಯಾಂಕು, ವಿಮಾ ಕಂಪನಿಗಳ ಗೋಪುರಗಳೆಲ್ಲ ಅಲ್ಲೇ ಇವೆ. ಅಲ್ಲಿ ಗೋಪುರ ಕಟ್ಟಿದರೆ ಊರಿನ ಆಕಾಶವೇ ಬದಲಾಗುತ್ತದೆ. ಹಾಗಾಗಿ ಅನುಮತಿ ಕೊಡುವಾಗ, ಮೇಲಿನ ಒಂದು ಭಾಗವನ್ನು ಜನರಿಗೆ ಪುಕ್ಕಟೆ ಬಿಡಬೇಕು ಅಂತ ಅಲ್ಲಿನ ಆಡಳಿತ ಕೇಳುತ್ತದೆ. ಫೆನ್‌ಚರ್ಚ್ ಸ್ಟ್ರೀಟ್‌ನ 20ನೇ ನಂಬರಿನ ಕಟ್ಟಡವನ್ನೇ ನೋಡಿ. ಅದರ ಆಕಾರ ನೋಡಿ ಜನ 'ವಾಕಿ ಟಾಕಿ' ಅಂತ ಕರೆಯುತ್ತಾರೆ. ಉಳಿದ ಗೋಪುರಗಳ ಗುಂಪಿನಿಂದ ದೂರ, ನದಿಯ ಹತ್ತಿರ ಒಂಟಿಯಾಗಿ ನಿಂತಿದೆ. ಆ ಜಾಗದಲ್ಲಿ ಅಷ್ಟು ದೊಡ್ಡ ಕಟ್ಟಡ ಬೇಡ ಅಂತ ವಿರೋಧ ಬಂದು, ಸಾರ್ವಜನಿಕ ವಿಚಾರಣೆಯೂ ನಡೆಯಿತು. ಕೊನೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ತುದಿಯಲ್ಲಿ ಎಲ್ಲರಿಗೂ ಒಂದು ತೋಟ ಮಾಡುತ್ತೇವೆ ಅನ್ನೋ ಮಾತು ಆ ಒಪ್ಪಿಗೆಗೆ ದೊಡ್ಡ ಆಸರೆಯಾಯಿತು. ಅದೇ ಇವತ್ತಿನ 'ಸ್ಕೈ ಗಾರ್ಡನ್'. 2015ರ ಜನವರಿಯಲ್ಲಿ ತೆರೆಯಿತು.

ಅಂದರೆ ಇದು ಕಂಪನಿಯವರು ತೋರಿಸುವ ಉಪಕಾರ ಅಲ್ಲ. ಊರು ಕೇಳಿ ಪಡೆದ ಹಕ್ಕು. ಪ್ರವಾಸಿಗೂ ಅದರಲ್ಲಿ ಪಾಲಿದೆ. ಸಂಕೋಚ ಬಿಟ್ಟು ಹೋಗಿ.

ಸ್ಕೈ ಗಾರ್ಡನ್‌ನ ಟಿಕೆಟ್‌ಗಳನ್ನು ಸೋಮವಾರ ಬಿಡುತ್ತಾರೆ, ಮುಂದಿನ ಮೂರು ವಾರದೊಳಗಿನ ದಿನಗಳಿಗೆ ಸಿಗುತ್ತವೆ. ಸಂಜೆಯ ಹೊತ್ತಿನವು, ವಾರಾಂತ್ಯದವು ಬೇಗ ಖಾಲಿ. ಮಗಳಿಗೆ ಹೇಳಿ ಸೋಮವಾರವೇ ಬುಕ್ ಮಾಡಿಸಿ. ಬಾಗಿಲಲ್ಲಿ ವಿಮಾನ ನಿಲ್ದಾಣದ ಹಾಗೆ ಬ್ಯಾಗ್ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಜೊತೆಗಿರಲಿ. ಆಮೇಲೆ ಲಿಫ್ಟ್ ನೇರ 35ನೇ ಮಹಡಿಗೆ. ಮಂಡಿನೋವು ಇದ್ದವರಿಗೂ ಕಷ್ಟವಿಲ್ಲ.

ಮೇಲೆ ಎತ್ತರದ ಗಾಜಿನ ಚಾವಣಿ. ಎರಡೂ ಬದಿಯಲ್ಲಿ ಮೆಟ್ಟಿಲು, ಮೆಟ್ಟಿಲ ಪಕ್ಕದಲ್ಲಿ ಗಿಡಗಳು. ದಕ್ಷಿಣಕ್ಕೆ ತೆರೆದ ಜಗುಲಿ ಇದೆ, ಗಾಳಿ ಜೋರಾದರೆ ಅದನ್ನು ಮುಚ್ಚುತ್ತಾರೆ. ಅಲ್ಲಿ ನಿಂತರೆ ಕೆಳಗೆ ಥೇಮ್ಸ್, ಎದುರಿಗೆ ಶಾರ್ಡ್ ಅನ್ನೋ ಗಾಜಿನ ಗೋಪುರ, ಎಡಕ್ಕೆ ಟವರ್ ಬ್ರಿಡ್ಜ್. ಹೆಚ್ಚಿನವರು ಇಲ್ಲೇ ಫೋಟೊ ತೆಗೆದು ಇಳಿದುಬಿಡುತ್ತಾರೆ. ದಯವಿಟ್ಟು ಮೆಟ್ಟಿಲು ಹತ್ತಿ ಉತ್ತರದ ಗಾಜಿನ ಕಡೆಗೂ ಬನ್ನಿ. ಗೋಪುರಗಳ ಗುಂಪು ಎದುರಿಗೇ ಇದೆ. ಅದರಲ್ಲಿ ಒಂದು ಕಟ್ಟಡ ಮೇಲೆ ಹೋಗುತ್ತಾ ಓರೆಯಾಗಿ ಸಣ್ಣಗಾಗುತ್ತದೆ. ಅದು ಲೆಡನ್‌ಹಾಲ್ ಬಿಲ್ಡಿಂಗ್, 225 ಮೀಟರ್ ಎತ್ತರ. ಆ ಓರೆ ಬರೀ ಚಂದಕ್ಕೆ ಮಾಡಿದ್ದಲ್ಲ. ಫ್ಲೀಟ್ ಸ್ಟ್ರೀಟ್‌ನಲ್ಲಿ ನಡೆದು ಬರುವವರ ಕಣ್ಣಿಗೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಹಿಂದೆ ಈ ಗೋಪುರ ಇಣುಕಬಾರದು, ಅದಕ್ಕೆ ಹಿಂದಕ್ಕೆ ಸರಿಸಿ ಕಟ್ಟಿದ್ದಾರೆ. ನೋಟಕ್ಕೂ ಒಂದು ಬೆಲೆ ಇದೆ ಅಂತ ನಿಯಮ ಬರೆದುಕೊಂಡ ಊರು ಅದು. ನನಗೆ ಟವರ್ ಬ್ರಿಡ್ಜ್‌ಗಿಂತ ಆ ಓರೆಯೇ ಜಾಸ್ತಿ ಇಷ್ಟ.

ಎತ್ತರವೇ ಮುಖ್ಯ ಅನ್ನುವವರು ಬಿಷಪ್ಸ್‌ಗೇಟ್‌ನ 22ನೇ ನಂಬರಿಗೆ ಹೋಗಬೇಕು. ಅಲ್ಲಿನ ಗ್ಯಾಲರಿಯ ಹೆಸರು 'ಹೊರೈಜನ್ 22'. 58ನೇ ಮಹಡಿ, ನೆಲದಿಂದ 254 ಮೀಟರ್. 2023ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ದುಡ್ಡು ಕೊಟ್ಟು ಹತ್ತುವ ಶಾರ್ಡ್‌ನ ಗ್ಯಾಲರಿ ಇರುವುದು ಸುಮಾರು 244 ಮೀಟರ್‌ನಲ್ಲಿ. ಪುಕ್ಕಟೆಯದ್ದೇ ಮೇಲೆ! ಇಲ್ಲಿ ತೋಟ ಇಲ್ಲ, ಬರೀ ಗಾಜು ಮತ್ತು ಊರು. ಪಕ್ಕದ 8ನೇ ನಂಬರಿನ ಕಟ್ಟಡದಲ್ಲಿ 50ನೇ ಮಹಡಿಯ 'ಲುಕ್‌ಔಟ್' ಕೂಡ ಪುಕ್ಕಟೆಯೇ.

ಯಾವ ಹೊತ್ತಿಗೆ ಹೋಗಬೇಕು? ನೀವು ಡಿಸೆಂಬರ್‌ನಲ್ಲಿ ಹೋಗುವುದಾದರೆ ಮಧ್ಯಾಹ್ನ 3ರ ಸ್ಲಾಟ್ ಹಿಡಿಯಿರಿ. ಸೂರ್ಯ 4 ಗಂಟೆಗೆ ಮೊದಲೇ ಮುಳುಗುತ್ತಾನೆ. ಹಗಲು, ಮುಸ್ಸಂಜೆ, ದೀಪ ಮೂರನ್ನೂ ಒಂದೇ ಭೇಟಿಯಲ್ಲಿ ನೋಡಬಹುದು. ಜೂನ್‌ನಲ್ಲಿ ಮುಳುಗುವುದು ರಾತ್ರಿ 9ರ ಮೇಲೆ, ಅದಕ್ಕೆ ಕಾಯುತ್ತಾ ಕೂರಬೇಡಿ, ಬೆಳಿಗ್ಗೆಯೇ ಹೋಗಿ. ಕತ್ತಲಾದ ಮೇಲೆ ಫೋಟೊ ತೆಗೆಯುವಾಗ ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಒಳಗಿನ ದೀಪಗಳೇ ಬರುತ್ತವೆ.

ಕನ್ನಡಿಗರು ಲಂಡನ್‌ಗೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆ ನೋಡದೆ ಬರುವುದಿಲ್ಲ ಅಲ್ವಾ. ಅದನ್ನೂ ಸ್ಕೈ ಗಾರ್ಡನ್ನನ್ನೂ ಒಂದೇ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಪ್ರತಿಮೆ, ಪಾರ್ಲಿಮೆಂಟ್ ನೋಡಿ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್‌ನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತಿದರೆ ಮಾನ್ಯುಮೆಂಟ್ ಸ್ಟೇಷನ್‌ಗೆ ರೈಲು ಬದಲಿಸದೆ ಬರಬಹುದು. ಅಲ್ಲಿಂದ ವಾಕಿ ಟಾಕಿ ನಡೆಯುವಷ್ಟೇ ದೂರ.

ಸ್ಲಾಟ್ ಸಿಗಲೇ ಇಲ್ಲ ಅಂದರೂ ಬೇಸರ ಬೇಡ. ಫೆನ್‌ಚರ್ಚ್ ಸ್ಟ್ರೀಟ್‌ನಲ್ಲೇ 120ನೇ ನಂಬರಿನ ಕಟ್ಟಡದ ಮೇಲೆ 2019ರಿಂದ ಒಂದು ತೋಟ ಇದೆ, 'ಗಾರ್ಡನ್ ಅಟ್ 120'. 15ನೇ ಮಹಡಿ ಅಷ್ಟೇ, ಆದರೆ ಬುಕಿಂಗ್ ಬೇಡ, ನೇರ ಹೋಗಿ ತಪಾಸಣೆ ಮುಗಿಸಿ ಹತ್ತಬಹುದು. ಗಾಜೂ ಅಡ್ಡ ಇಲ್ಲ, ಬಯಲು. ಸೇಂಟ್ ಪಾಲ್ಸ್ ಪಕ್ಕದ 'ಒನ್ ನ್ಯೂ ಚೇಂಜ್' ಮಳಿಗೆಗಳ ತಾರಸಿಗೂ ಬುಕಿಂಗ್ ಬೇಡ. ಅಲ್ಲಿ ಗುಮ್ಮಟ ಎದುರಿಗೇ ಇರುತ್ತದೆ. ಬುಕ್ ಮಾಡಿದ ಮೇಲೆ ಹೋಗಲು ಆಗದಿದ್ದರೆ ಮಾತ್ರ ಸ್ಲಾಟ್ ರದ್ದು ಮಾಡಿ. ಅದಕ್ಕಾಗಿ ಕಾಯುತ್ತಿರುವ ಇನ್ನೊಬ್ಬರಿಗೆ ಸಿಗುತ್ತದೆ.