ಗಾರ್ಡ್ ಗೋದಾಮಿನಾಗ ಅದರಿ

ಕಲಬುರಗಿ ಊರಂಚಿನ ಒಂದು ತೊಗರಿ ಬೇಳೆ ಮಿಲ್ಲು. ತೊಗರಿಯ ಸಿಪ್ಪೆ ಉಜ್ಜಿ ತೆಗೆಯುವ ಎಮರಿ ರೋಲರ್ ಓಡಿಸುವ ಪಟ್ಟಾ (ಬೆಲ್ಟು) ಬರಿಮೈಯಲ್ಲಿ ತಿರುಗುತ್ತಿತ್ತು. ‘ಇದರ ಗಾರ್ಡ್ ಎಲ್ಲಿ?’ ಎಂದೆ. ಗಾರ್ಡ್ ಅಂದರೆ ಓಡುವ ಭಾಗಕ್ಕೆ ಕೈ ತಾಗದ ಹಾಗೆ ಮುಚ್ಚುವ ಕವಚ. ‘ಅದರಿ ಸಾಹೇಬ್ರ, ಗೋದಾಮಿನಾಗ ಇಟ್ಟೀವ್ರಿ’ ಅಂದ ಮಿಸ್ತ್ರಿ. ಸುಳ್ಳಲ್ಲ. ಗೋಡೆಗೆ ಒರಗಿಸಿ, ಮೇಲೆ ನಾಲ್ಕು ಖಾಲಿ ಚೀಲ ಹೊದಿಸಿದ್ದರು. ಹಳದಿ ಬಣ್ಣ ಇನ್ನೂ ಮಾಸಿರಲಿಲ್ಲ.

ಕಾರ್ಖಾನೆಗಳ ಸುರಕ್ಷತೆ ತಪಾಸಣೆ ನನ್ನ ಕೆಲಸ. ಮೊದಮೊದಲು ಇಂಥದ್ದು ಕಂಡರೆ ‘ಕೆಲಸಗಾರರ ಅಲಕ್ಷ್ಯ’ ಎಂದು ವರದಿಯಲ್ಲಿ ಗೀಚಿ ಬರುತ್ತಿದ್ದೆ. ಈ ಮಿಸ್ತ್ರಿ ಅದಕ್ಕೆ ಅವಕಾಶ ಕೊಡಲಿಲ್ಲ. ‘ಎಂಟ್ ಬೋಲ್ಟ್ ಅವರಿ ಅದಕ್ಕ. ಬೇರಿಂಗಿಗೆ ಗ್ರೀಸ್ ಹೊಡಿಬೇಕಂದ್ರ ಎಂಟೂ ಬಿಚ್ಚಬೇಕು. ಪಟ್ಟಾ ಜಗ್ಗಬೇಕಂದ್ರ ಮತ್ತ ಎಂಟು. ಸೀಜನ್ದಾಗ ಯಾರ್ ಬಿಚ್ಚತಾರ್ರೀ?’ ಅವನು ಕೇಳಿದ್ದು ನ್ಯಾಯವಾಗಿತ್ತು. ಗ್ರೀಸ್ ಹೊಡೆಯುವವನನ್ನು ಒಂದು ಮಾತೂ ಕೇಳದೆ ಮಾಡಿಸಿದ ಗಾರ್ಡು ಅದು. ಅಂಥದ್ದು ಗೋದಾಮು ಸೇರದೆ ಇನ್ನೆಲ್ಲಿಗೆ ಹೋದೀತು?

ಪಟ್ಟಾದ ಲೆಕ್ಕ ಸ್ವಲ್ಪ ನೋಡಿ. ಮಿಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಮೋಟರು ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದಕ್ಕೆ ನಾಲ್ಕಿಂಚು ವ್ಯಾಸದ ಪುಲ್ಲಿ (ಪಟ್ಟಾ ಕೂರುವ ಗಾಲಿ) ಹಾಕಿದರೆ ಪಟ್ಟಾ ಸೆಕೆಂಡಿಗೆ ಏಳೂವರೆ ಮೀಟರ್ ಓಡುತ್ತದೆ. ಬೆರಳು ಸಿಕ್ಕಿತೆಂದು ತಲೆಗೆ ಹೊಳೆದು ಕೈ ಹಿಂದಕ್ಕೆ ಸರಿಯಲು ಕಾಲು ಸೆಕೆಂಡು ಹಿಡಿಯಿತು ಅನ್ನಿ, ಅಷ್ಟರಲ್ಲಿ ಪಟ್ಟಾ ಆರಡಿ ದಾಟಿರುತ್ತದೆ. ‘ಹುಷಾರಾಗಿರಪಾ’ ಎಂದು ಹತ್ತು ಸಲ ಹೇಳಿದರೂ ಆ ಕಾಲು ಸೆಕೆಂಡು ಕಡಿಮೆಯಾಗುವುದಿಲ್ಲ. ಪಟ್ಟಾ ಪುಲ್ಲಿಯಿಂದ ಹೊರಬೀಳುವ ಕಡೆ ಕೈಯನ್ನು ಆಚೆ ತಳ್ಳುತ್ತದೆ, ಒಳಹೋಗುವ ಕಡೆ ನುಂಗುತ್ತದೆ. ಮುಚ್ಚಬೇಕಾದ ಮುಖ್ಯ ಜಾಗ ಆ ಒಳಬಾಯಿ.

ಪುಲ್ಲಿಯನ್ನು ಹೊತ್ತು ತಿರುಗುವ ಕಂಬಿ, ಅಂದರೆ ಶಾಫ್ಟಿನದು ಬೇರೆ ಕಥೆ. ನುಣ್ಣಗಿದೆ, ಏನು ಮಾಡೀತು ಅನ್ನಿಸುತ್ತದೆ. ಆದರೆ ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲು ಒಂದು ಸುತ್ತು ಹಾಕಿಕೊಂಡರೆ ಸಾಕು, ಮುಂದಿನದ್ದನ್ನು ಶಾಫ್ಟೇ ಎಳೆದುಕೊಳ್ಳುತ್ತದೆ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಸೆಟ್ ಸ್ಕ್ರೂ ಹೊರಗೆ ಚಾಚಿದ್ದರಂತೂ ಕೊಕ್ಕೆ ಇದ್ದ ಹಾಗೆ. ನನ್ನ ಅಂಗಿಯ ತೋಳು ಒಮ್ಮೆ ಹಾಗೆ ಸಿಕ್ಕಿತ್ತು. ಹಳೇ ಅಂಗಿ, ಪರ್‍ರನೆ ಹರಿದು ಕೈ ಉಳಿಯಿತು. ಹೊಸದು ಹಾಕಿಕೊಂಡಿದ್ದರೆ ಈ ಅಂಕಣವನ್ನು ಎಡಗೈಯಲ್ಲಿ ಬರೆಯಬೇಕಿತ್ತು.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಸೆಟ್ ಸ್ಕ್ರೂ ತಲೆ ಹೊರಗೆ ಕಾಣಬಾರದು, ಇಲ್ಲವೇ ಮುಚ್ಚಿರಬೇಕು ಎಂದು 26ನೇ ಕಲಮಿನಲ್ಲೇ ಬರೆದರು. ಯಂತ್ರ ಓಡುತ್ತಿರುವಷ್ಟು ಹೊತ್ತೂ ಗಾರ್ಡು ಅದರ ಜಾಗದಲ್ಲೇ ಇರಬೇಕು ಎಂದದ್ದು 21ನೇ ಕಲಂ. ಗೋದಾಮಿನಲ್ಲಿದ್ದ ಗಾರ್ಡು ಲೆಕ್ಕಕ್ಕಿಲ್ಲ. ಓಡುವ ಯಂತ್ರಕ್ಕೆ ಎಣ್ಣೆ ಹಾಕಲೇಬೇಕಾದರೆ ತರಬೇತಾದವನೇ ಹಾಕಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಕಾರ್ಖಾನೆಯೇ ಕೊಡಬೇಕು ಎಂದದ್ದು 22ನೆಯದು. ಲುಂಗಿ ಉಟ್ಟು ಎಣ್ಣೆಡಬ್ಬಿ ಹಿಡಿದು ನಿಂತವರನ್ನು ನಾನು ಕಂಡಷ್ಟು ಆ ರಿಜಿಸ್ಟರನ್ನು ಕಂಡಿಲ್ಲ.

ಆ ಮಿಲ್ಲಿನಲ್ಲಿ ಮಾಲಕರನ್ನು ಒಪ್ಪಿಸಿ, ಮಿಸ್ತ್ರಿಯನ್ನೇ ಮುಂದೆ ಕೂರಿಸಿಕೊಂಡು ಹೊಸ ಗಾರ್ಡು ಮಾಡಿಸಿದೆವು. ಆಂಗಲ್ ಚೌಕಟ್ಟಿಗೆ ಅರ್ಧ ಇಂಚು ಕಣ್ಣಿನ ಜಾಲರಿ. ಪಟ್ಟಾ ಸಡಿಲಾದದ್ದು ಹೊರಗಿನಿಂದಲೇ ಕಾಣುತ್ತದೆ. ಅಷ್ಟು ಕಣ್ಣಿನಲ್ಲಿ ಬೆರಳು ತೂರುವುದರಿಂದ ಜಾಲರಿಯನ್ನು ಪಟ್ಟಾದಿಂದ 120 ಮಿ.ಮೀ. ದೂರ ಇಟ್ಟೆವು. ಒಂದು ಪಕ್ಕ ಬಿಜಾಗರಿ, ಇನ್ನೊಂದು ಪಕ್ಕ ಪಾನಾ ಇಲ್ಲದೆ ಬಿಚ್ಚಲಾಗದ ಒಂದೇ ಬೋಲ್ಟು. ಬೇರಿಂಗಿನ ಗ್ರೀಸ್ ನಿಪ್ಪಲಿಗೆ ತಾಮ್ರದ ಸಣ್ಣ ಕೊಳವೆ ಜೋಡಿಸಿ ಹೊರಗೆ ತಂದೆವು. ಅದು ಮಿಸ್ತ್ರಿಯದೇ ಉಪಾಯ, ನನಗೆ ಹೊಳೆದಿರಲಿಲ್ಲ.

ಹೊಲದ ರಾಶಿ ಮಷೀನಿಗೂ ಇದೇ ಬುದ್ಧಿ ಬೇಕು. 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂದದ್ದೇ ಮುಖ್ಯವಾಗಿ ಅದರ ಸಲುವಾಗಿ. ತೆನೆ ಹಾಕುವ ಬಾಯಿ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಮುಚ್ಚಿದ್ದರೆ ಕೈ ಡ್ರಮ್ಮಿನವರೆಗೆ ಮುಟ್ಟುವುದೇ ಇಲ್ಲ.

ಗಾರ್ಡಿಗೂ ಬಗ್ಗದ ಹೊತ್ತು ಒಂದಿದೆ. ಬೇಳೆಯನ್ನು ಮೇಲಕ್ಕೆ ಎತ್ತುವ ಎಲಿವೇಟರಿನ ಬುಡದಲ್ಲಿ ಬೇಳೆ ಕಟ್ಟಿಕೊಳ್ಳುತ್ತದೆ, ಅಷ್ಟರಲ್ಲಿ ಕರೆಂಟೂ ಹೋಗುತ್ತದೆ. ಹೇಗೂ ಬಂದ್ ಇದೆಯಲ್ಲ ಎಂದು ಒಬ್ಬ ಮುಚ್ಚಳ ತೆಗೆದು ಕೈ ಹಾಕುತ್ತಾನೆ. ಮೋಟರು ಚಾಲೂ ಮಾಡುವ ಸ್ಟಾರ್ಟರ್ ನೆಟ್ಟಗಿದ್ದರೆ ಕರೆಂಟ್ ಹೋದ ಕೂಡಲೇ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಹಸಿರು ಗುಂಡಿ ಒತ್ತುವ ತನಕ ಮೋಟರು ಏಳುವುದಿಲ್ಲ. ಆದರೆ ಆ ಗುಂಡಿಗೆ ಕಡ್ಡಿ ಸಿಕ್ಕಿಸಿಟ್ಟಿರುತ್ತಾರೆ, ಪದೇಪದೇ ಹೋಗಿ ಒತ್ತುವ ಬೇಸರಕ್ಕೆ. ಕರೆಂಟ್ ಬಂದಾಗ ಮೋಟರು ಯಾರನ್ನೂ ಕೇಳದೆ ತಾನೇ ಎದ್ದುಬಿಡುತ್ತದೆ. ಮಿಲ್ಲಿಗೆ ಹೋದಾಗ ನಾನು ಮೊದಲು ಹುಡುಕುವುದು ಆ ಕಡ್ಡಿಯನ್ನೇ. ಆಮೇಲೆ ಮೇನ್ ಸ್ವಿಚ್ಚಿಗೆ ಬೀಗ ಹಾಕುವ ಕಿವಿ ಇದೆಯೇ ನೋಡುತ್ತೇನೆ. ಕೈ ಒಳಗಿಡುವವನೇ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು. ಕೀಲಿ ಮುಕಾದಮನ ಹತ್ತಿರ ಇದ್ದರೆ ಬೀಗ ಹಾಕಿಯೂ ಹಾಕದ ಹಾಗೆ.

2025ರವರೆಗೆ ಜಾರಿಯಲ್ಲಿದ್ದ 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ ಶೇ. 30 ಹೋಯಿತೆಂದು ಲೆಕ್ಕವಿತ್ತು, ತೋರುಬೆರಳಿಗೆ ಶೇ. 14. ಬೇಳೆಯ ಹದವನ್ನು ಆ ಎರಡು ಬೆರಳಿನ ನಡುವೆ ಚಿವುಟಿ ನೋಡುವ ಮಿಸ್ತ್ರಿಗೆ ಇದನ್ನು ಓದಿ ಹೇಳಿದೆ. ತನ್ನ ಬೆರಳು ನೋಡಿಕೊಂಡು ಸುಮ್ಮನಾದ.

ಮುಂದಿನ ಸೀಜನ್ನಿಗೆ ಹೋದಾಗ ಗಾರ್ಡು ಜಾಗದಲ್ಲೇ ಇತ್ತು. ಆದರೆ ಜಾಲರಿ ಮೇಲೆ ಮಿಸ್ತ್ರಿಯ ಒದ್ದೆ ಟವೆಲ್ಲು ಆರಹಾಕಿತ್ತು, ಒಳಗಿನ ಪಟ್ಟಾ ಕಾಣುತ್ತಿರಲಿಲ್ಲ. ತೆಗೆದು ಕೈಗೆ ಕೊಟ್ಟೆ. ‘ಹಂಗಾದ್ರ ಗ್ವಾಡಿಗೆ ಒಂದ್ ಮಳಿ ಹೊಡಸ್ರಿ ಸಾಹೇಬ್ರ’ ಅಂದ. ಅವತ್ತಿನ ವರದಿಯಲ್ಲಿ ಅದನ್ನೂ ಬರೆದೆ: ಮೊಳೆ, ಒಂದು.