ಪೂಜೆಯ ವೇಳೆ, ಹಳ್ಳಿಯ ನಿದ್ದೆ: ಒಂದು ಸಾಲಿನ ಷರತ್ತಿನ ಸುತ್ತ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಕಣಜವನ್ನೋ ಮುಚ್ಚಿದ ಶಾಲೆಯನ್ನೋ ಕೊಂಡು ದೇವಸ್ಥಾನ, ಮಸೀದಿ, ಗುರುದ್ವಾರ ಮಾಡಹೊರಟ ಟ್ರಸ್ಟ್‌ಗಳಿಗೆ ಸ್ಥಳೀಯ ಕೌನ್ಸಿಲ್‌ನಿಂದ ಯೋಜನಾ ಅನುಮತಿ (ಪ್ಲಾನಿಂಗ್ ಪರ್ಮಿಷನ್) ಸಿಕ್ಕ ಮೇಲೂ ಜಗಳ ಮುಗಿಯುವುದಿಲ್ಲ. ಅನುಮತಿ ಪತ್ರದ ಕೆಳಗೆ ಒಂದು ಸಾಲು ಇರುತ್ತದೆ: 'ಕಟ್ಟಡವನ್ನು ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಮಾತ್ರ ಬಳಸತಕ್ಕದ್ದು.' ಅರ್ಚಕರೊಬ್ಬರೇ ನಸುಕಿನಲ್ಲಿ ದೀಪ ಹಚ್ಚಿದರೆ ಅದೂ ಬಳಕೆಯೇ? 9ಕ್ಕೆ ಮಂಗಳಾರತಿ ಮುಗಿದರೆ ಸಾಕೋ, ಕೊನೆಯ ಕಾರು ಗೇಟು ದಾಟಿರಬೇಕೋ? ಪಾತ್ರೆ ತೊಳೆಯಲು ಉಳಿದವರು ಯಾವ ಲೆಕ್ಕಕ್ಕೆ? ಇವಕ್ಕೆ ಉತ್ತರ ಬರೆದಿಡದ ಷರತ್ತು ಎರಡೂ ಕಡೆಯವರನ್ನು ವರ್ಷಗಟ್ಟಲೆ ಸತಾಯಿಸುತ್ತದೆ.

ಅರ್ಜಿ ಹಾಕುವ ಮೊದಲೇ ಇಡೀ ವರ್ಷದ ಕ್ಯಾಲೆಂಡರ್ ಬರೆಯಿರಿ. ಲಂಡನ್ ಸುತ್ತಮುತ್ತ ಜೂನ್ ಕೊನೆಗೆ ಸೂರ್ಯ ಮುಳುಗುವುದೇ ರಾತ್ರಿ 9:20ರ ಹೊತ್ತಿಗೆ. 9ರ ಗಡಿ ಹಾಕಿದರೆ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೇ ಜಾಗವಿಲ್ಲ. ಡಿಸೆಂಬರಿನಲ್ಲಿ ಅದೇ ಸೂರ್ಯ ಸಂಜೆ 4ಕ್ಕೆ ಮೊದಲೇ ಮುಳುಗುತ್ತಾನೆ. ಶಿವರಾತ್ರಿಯ ಜಾಗರಣೆ, ಕ್ರಿಸ್ಮಸ್ ನಡುರಾತ್ರಿಯ ಪೂಜೆ ಯಾವ ಸ್ಥಿರ ವೇಳೆಗೂ ಹೊಂದುವುದಿಲ್ಲ. ಪ್ರತಿ ಆಚರಣೆಯ ಎದುರು ನಾಲ್ಕು ವಿಷಯ ಬರೆಯಿರಿ: ಶುರು, ಮುಕ್ತಾಯ, ಜನ, ಕಾರು. 'ಸಾಮಾನ್ಯವಾಗಿ ಸಂಜೆ ಹೊತ್ತು' ಎಂದಷ್ಟೇ ಬರೆದುಕೊಟ್ಟರೆ ಅಧಿಕಾರಿ ತನಗೆ ತೋಚಿದ ಗಂಟೆ ಹಾಕುತ್ತಾರೆ. ಆಮೇಲೆ ಅದು ಅನ್ಯಾಯ ಎಂದು ಕೂಗಿ ಫಲವಿಲ್ಲ.

ನೆರೆಯವರ ತಕರಾರು ಅರ್ಜಿಯಲ್ಲಿ 'ಭಜನೆ' ಎಂದಿದ್ದರೂ, ಕಿಟಕಿ ಮುಚ್ಚಿದ ಗಟ್ಟಿ ಗೋಡೆಯ ಕಟ್ಟಡದಲ್ಲಿ ಅವರ ನಿದ್ದೆ ಕೆಡಿಸುವುದು ಬಹುಪಾಲು ಪಾರ್ಕಿಂಗ್ ಜಾಗ. ಹಳ್ಳಿಯಲ್ಲಿ ರಾತ್ರಿಯ ಹಿನ್ನೆಲೆ ಶಬ್ದ 30 ಡೆಸಿಬಲ್‌ಗಿಂತ ಕೆಳಗೆ ಇಳಿಯಬಲ್ಲದು. ಅಂಥಲ್ಲಿ ಕಾರಿನ ಬಾಗಿಲು ಬಡಿದದ್ದು, ಜಲ್ಲಿಯ ಮೇಲೆ ಚಕ್ರ ಉರುಳಿದ್ದು, ಗೇಟಿನ ಬಳಿ ಬೀಳ್ಕೊಡುವ ಮಾತು, ಎಲ್ಲವೂ ಹಾಸಿಗೆಯವರೆಗೆ ಕೇಳುತ್ತದೆ. ಕಟ್ಟಡದೊಳಗಿನ ಶಬ್ದದ ಬಗೆಗಿನ ಬ್ರಿಟಿಷ್ ಮಾನದಂಡ ಬಿಎಸ್ 8233 ಮಲಗುವ ಕೋಣೆಯೊಳಗೆ ರಾತ್ರಿ 11ರಿಂದ 7ರವರೆಗೆ ಸರಾಸರಿ 30 ಡೆಸಿಬಲ್ ಎನ್ನುತ್ತದೆ. ಎಂಟು ಗಂಟೆಯ ಸರಾಸರಿಯಲ್ಲಿ ನಾಲ್ಕು ಬಾಗಿಲಿನ ಬಡಿತ ಕಾಣಿಸುವುದೇ ಇಲ್ಲ, ಎಚ್ಚರವಾದವರಿಗೆ ಮಾತ್ರ ಅದು ಗೊತ್ತು. ಹಾಗಾಗಿ ಶಬ್ದ ವರದಿಯಲ್ಲಿ ಗರಿಷ್ಠ ಮಟ್ಟವನ್ನೂ ಕೇಳಿ: ಕೋಣೆಯೊಳಗೆ 45 ಡೆಸಿಬಲ್ ರೂಢಿಯ ಗಡಿ, ಹೊರಗಿನ ಶಬ್ದದಲ್ಲಿ ತೆರೆದ ಕಿಟಕಿ ಕಳೆಯುವುದು ಹೆಚ್ಚೆಂದರೆ 15. ಅಳತೆಯನ್ನು ವಾರದ ನಡುವೆ ಹಗಲಲ್ಲಿ ಮಾಡಿಸಿ ತಂದರೆ ಆ ವರದಿ ಕಸದ ಬುಟ್ಟಿಗೆ. ಜನ ಬಂದು ಹೋಗುವ ನಸುಕು, ತಡರಾತ್ರಿಗಳಲ್ಲೇ, ಭಾನುವಾರವೂ ಸೇರಿ, ಮಾಡಿಸಬೇಕು. ಜಲ್ಲಿ ತೆಗೆದು ಟಾರು ಹಾಕುವುದು, ಮನೆಗಳ ಕಡೆಯ ಸಾಲನ್ನು ರಾತ್ರಿ 9ರ ನಂತರ ಸರಪಳಿ ಹಾಕಿ ಮುಚ್ಚುವುದು ಅಗ್ಗದ ಪರಿಹಾರಗಳು. ಎಷ್ಟೋ ಸಲ ಒಂದು ಗಂಟೆ ಹೆಚ್ಚು ಗಿಟ್ಟಿಸಿಕೊಡುವುದು ಇವೇ.

ಆದ್ದರಿಂದ ಕಟ್ಟಡಕ್ಕೆ ಒಂದೇ ವೇಳೆ ಬೇಡ, ಚಟುವಟಿಕೆಗೊಂದು ವೇಳೆ ಕೇಳಿ. ಐದು ಜನರೊಳಗಿನ, ಧ್ವನಿವರ್ಧಕವಿಲ್ಲದ ಪೂಜೆಗೆ ನಸುಕು; ಸಭೆ ಸೇರುವುದಕ್ಕೆ ಬೇರೆ; ಧ್ವನಿವರ್ಧಕಕ್ಕೆ ಇನ್ನೂ ಕಿರಿದು; ವರ್ಷಕ್ಕೆ ಇಷ್ಟೇ ದಿನ ಎಂದು ಎಣಿಸಿದ ಹಬ್ಬಗಳು, 14 ದಿನ ಮೊದಲು ಲಿಖಿತ ಸೂಚನೆ, ದಾಖಲೆ ಪುಸ್ತಕ. ಷರತ್ತು ನಿಖರವಾಗಿರಬೇಕು, ಜಾರಿ ಮಾಡಲಾಗುವಂತಿರಬೇಕು, ಅಗತ್ಯವೂ ಸಮಂಜಸವೂ ಆಗಿರಬೇಕು ಎಂಬುದು ರಾಷ್ಟ್ರೀಯ ಯೋಜನಾ ನೀತಿಯ ಪರೀಕ್ಷೆ. 'ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ' ಎಂಬಂಥ ಷರತ್ತು ಅಲ್ಲಿ ನಿಲ್ಲುವುದಿಲ್ಲ.

ಹರ್ಟ್‌ಫರ್ಡ್‌ಶೈರ್‌ನಲ್ಲಿರುವ ಇಸ್ಕಾನ್ ದೇವಸ್ಥಾನ ಭಕ್ತಿವೇದಾಂತ ಮ್ಯಾನರ್‌ನ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಹಬ್ಬದ ಜನಸಂದಣಿ ಲೆಚ್ಮೋರ್ ಹೀತ್ ಹಳ್ಳಿಯ ಕಿರುದಾರಿಗಳಲ್ಲಿ ನುಗ್ಗುತ್ತಿತ್ತು. ಧಾರ್ಮಿಕ ಸ್ವಾತಂತ್ರ್ಯದ ವಾದ ಹಿಡಿದು ಯುರೋಪಿನ ಮಾನವ ಹಕ್ಕುಗಳ ಆಯೋಗದವರೆಗೆ ಹೋದರೂ 1994ರಲ್ಲಿ ಅದು ಫಲಿಸಲಿಲ್ಲ. 1996ರಲ್ಲಿ ಸರ್ಕಾರ ಅನುಮತಿ ಕೊಟ್ಟಾಗ ಗಂಟು ಬಿಡಿಸಿದ್ದು ಹಳ್ಳಿಯೊಳಗೆ ಹೋಗದೆ ಹೊರಗಿನಿಂದ ಸಾಗುವ ಹೊಸ ರಸ್ತೆ. ಹಕ್ಕಿನ ಮಾತು ಅರ್ಜಿಯಲ್ಲಿ ಇರಲಿ, 2010ರ ಸಮಾನತಾ ಕಾಯ್ದೆಯಡಿ ಕೌನ್ಸಿಲ್ ಅದನ್ನು ತೂಗಲೇಬೇಕು. ಆದರೆ ಕಾರುಗಳ ಲೆಕ್ಕವಿಲ್ಲದೆ ಅದೊಂದೇ ದಡ ಸೇರಿಸದು.

ಷರತ್ತು ಈಗಾಗಲೇ ಬಿದ್ದಿದ್ದರೆ 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 73ನೇ ಕಲಮಿನಡಿ ಬದಲಾವಣೆ ಕೇಳಿ. ತಿರಸ್ಕಾರವಾದರೂ ಮೂಲ ಅನುಮತಿಗೆ ಧಕ್ಕೆಯಿಲ್ಲ. ಅಲ್ಲಿಂದ ಮೇಲ್ಮನವಿಗೆ ಆರು ತಿಂಗಳು. ಮೂಲ ಅನುಮತಿಯ ಷರತ್ತಿನ ಮೇಲೇ ನೇರ ಮೇಲ್ಮನವಿ ಹಾಕಿದರೆ ಮೇಲ್ಮನವಿ ತೀರ್ಮಾನಿಸುವ ಯೋಜನಾ ಇನ್‌ಸ್ಪೆಕ್ಟರ್ ಇಡೀ ಅನುಮತಿಯನ್ನೇ ಮರುಪರಿಶೀಲಿಸಬಹುದು, ಇದ್ದದ್ದೂ ಹೋಗಬಹುದು. ಅರ್ಜಿ ಬಾಕಿ ಇದೆ ಎಂದು ವೇಳೆ ಮೀರಬೇಡಿ: ಷರತ್ತು ಉಲ್ಲಂಘನೆಯ ನೋಟಿಸಿಗೆ ಮೇಲ್ಮನವಿಯೇ ಇಲ್ಲ, ಪಾಲಿಸಲು ಕೊಡುವ ಗಡುವು 28 ದಿನವೇ ಇರಬಹುದು. ಹಬ್ಬಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಿ 'ವರ್ಷಕ್ಕೆ 28 ದಿನ ತಾತ್ಕಾಲಿಕ ಬಳಕೆಗೆ ಅನುಮತಿ ಬೇಡವಲ್ಲ' ಎನ್ನುವವರಿದ್ದಾರೆ. ಆ ರಿಯಾಯಿತಿ ಬಯಲು ಜಾಗಕ್ಕೆ. ಕಟ್ಟಡಕ್ಕೆ ಸೇರಿದ ಅಂಗಳಕ್ಕೆ ಅನ್ವಯಿಸುವುದಿಲ್ಲ.