ಗೋಡೆ ಮೇಲೆ ‘ದೆಫಾನ್ಸ್’ ಅಂತ ಯಾಕೆ ಬರೆದಿರುತ್ತಾರೆ?

ಪ್ರಶ್ನೆ: ಫ್ರೆಂಚ್ ಕಲಿಯುತ್ತಿದ್ದೇನೆ. ಪ್ಯಾರಿಸ್ಸಿನ ಫೋಟೊಗಳಲ್ಲಿ ಹಳೇ ಗೋಡೆಗಳ ಮೇಲೆ ‘ದೆಫಾನ್ಸ್ ದಫಿಶೆ’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ದೆಫಾನ್ಸ್ ಅಂದರೆ ರಕ್ಷಣೆ ಅಲ್ವಾ? ಏನನ್ನು ರಕ್ಷಿಸುತ್ತಿದ್ದಾರೆ?

ಉತ್ತರ: ಗೋಡೆಯನ್ನು ಅಂತ ತಮಾಷೆಗೆ ಹೇಳಬಹುದು! ನಿಜವಾದ ಅರ್ಥ ‘ಇಲ್ಲಿ ಪೋಸ್ಟರ್ ಅಂಟಿಸಬಾರದು’. ‘ದೆಫಾಂದ್ರ್’ ಅನ್ನುವ ಕ್ರಿಯಾಪದಕ್ಕೆ ಕಾಪಾಡು, ಬೇಡ ಅನ್ನು ಎರಡೂ ಅರ್ಥ ಇದೆ. ವಿಚಿತ್ರ ಅನಿಸಿದರೆ ನಮ್ಮ ‘ತಡೆ’ಯನ್ನೇ ನೋಡಿ. ಶತ್ರುವನ್ನು ತಡೆದರೆ ಊರಿಗೆ ರಕ್ಷಣೆ. ನಿಮ್ಮನ್ನೇ ತಡೆದರೆ ನಿಷೇಧ. ಪ್ಯಾರಿಸ್ ಮೆಟ್ರೊ ಒಂದನೇ ಲೈನಿನ ಕೊನೆಯಲ್ಲಿ ‘ಲಾ ದೆಫಾನ್ಸ್’ ಅಂತ ಸ್ಟೇಷನ್ ಇದೆ. ಅಲ್ಲಿ ಅರ್ಥ ರಕ್ಷಣೆಯೇ. 1870–71ರಲ್ಲಿ ಪ್ರಷ್ಯಾದ (ಆಗಿನ ಜರ್ಮನ್ ರಾಜ್ಯ) ಸೇನೆ ಮುತ್ತಿಗೆ ಹಾಕಿದಾಗ ನಗರವನ್ನು ಕಾದವರ ನೆನಪಿಗೆ 1883ರಲ್ಲಿ ನಿಲ್ಲಿಸಿದ ಪ್ರತಿಮೆಯಿಂದ ಆ ಜಾಗಕ್ಕೆ ಹೆಸರು ಬಂತು.

ಎರಡನ್ನೂ ಗುರುತಿಸುವುದು ಸುಲಭ. ದೆಫಾನ್ಸ್ ಆದಮೇಲೆ ‘ದ’, ಅದರ ನಂತರ ಕ್ರಿಯಾಪದ ಬಂದರೆ ಅದು ‘ಬೇಡ’. ‘ದೆಫಾನ್ಸ್ ದ ಫ್ಯುಮೆ’ ಅಂದರೆ ಸಿಗರೇಟು ಸೇದಬಾರದು. ‘ದೆಫಾನ್ಸ್ ದಾಂತ್ರೆ’ ಅಂದರೆ ಒಳಗೆ ಬರಬಾರದು. ಎರಡನೆಯದರಲ್ಲಿ ‘ದ’ದ ಸ್ವರ ಬಿದ್ದುಹೋಗಿದೆ, ಯಾಕೆಂದರೆ ಮುಂದಿನ ಪದ ಸ್ವರದಿಂದ ಶುರುವಾಗುತ್ತದೆ. ಊರು, ಅಲ್ಲಿ ಸೇರಿ ‘ಊರಲ್ಲಿ’ ಆದ ಹಾಗೆಯೇ. ಶಾಲೆಯಲ್ಲಿ ಉರು ಹೊಡೆದ ಲೋಪಸಂಧಿ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಫೋಟೊದಲ್ಲಿ ಆ ಸಾಲಿನ ಕೆಳಗೂ ಕಣ್ಣಾಡಿಸಿ. ಬಹಳ ಕಡೆ ‘ಲ್ವಾ ದ್ಯು 29 ಜ್ವಿಯೆ 1881’ ಅಂತ ಇರುತ್ತದೆ, ಅಂದರೆ 1881ರ ಜುಲೈ 29ರ ಕಾನೂನು. ಮಜಾ ಏನೆಂದರೆ ಅದು ಪತ್ರಿಕಾ ಸ್ವಾತಂತ್ರ್ಯದ ಕಾನೂನು! ಮುದ್ರಣಕ್ಕೂ ಪುಸ್ತಕ ಮಾರಾಟಕ್ಕೂ ಅಡ್ಡಿಯಿಲ್ಲ ಅಂತಲೇ ಅದರ ಮೊದಲ ಕಲಂ. ಒಳಗೆಲ್ಲೋ ಒಂದು ಕಡೆ, ಸರ್ಕಾರಿ ಪ್ರಕಟಣೆಗೆ ಮೇಯರ್ ಗುರುತು ಮಾಡಿದ ಜಾಗದಲ್ಲಿ ಖಾಸಗಿಯವರು ಪೋಸ್ಟರ್ ಹಚ್ಚಬಾರದು ಅಂತಿದೆ. ಜನರಿಗೆ ಅಷ್ಟೇ ಸಾಕಾಯಿತು. ತಾರೀಕು ಸಮೇತ ಕಾನೂನು ಬರೆದರೆ ಅಂಟು ಡಬ್ಬ ಹಿಡಿದವನು ಸ್ವಲ್ಪವಾದರೂ ಹಿಂದೆಮುಂದೆ ನೋಡುತ್ತಾನೆ ಅನ್ನುವ ಲೆಕ್ಕ ಇರಬೇಕು.

ಈಗಿನ ಬೋರ್ಡುಗಳಲ್ಲಿ ‘ಆಂತೆರ್ದಿ’ ಜಾಸ್ತಿ. ‘ಸ್ತಾಸಿಯೊನ್‌ಮಾಂ ಆಂತೆರ್ದಿ’ ಅಂದರೆ ಗಾಡಿ ನಿಲ್ಲಿಸಬಾರದು. 1968ರ ಮೇನಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು, ಕಾರ್ಮಿಕರು ಎಬ್ಬಿಸಿದ ಗಲಾಟೆಯಲ್ಲಿ ಹಬ್ಬಿದ ಘೋಷಣೆಯಲ್ಲೂ ಇದೇ ಪದ: ‘ಇಲ್ ಎ ಆಂತೆರ್ದಿ ದಾಂತೆರ್ದಿರ್’, ನಿಷೇಧಿಸುವುದನ್ನು ನಿಷೇಧಿಸಲಾಗಿದೆ!

ಇನ್ನೊಂದು ಮಾತು. ‘ದೆಫಾನ್ಸ್ ದ’ ಬೋರ್ಡಿನ ಭಾಷೆ, ಬಾಯಿಮಾತಲ್ಲ. ಪಕ್ಕದಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ‘ಓನ್ ನಾ ಪಾ ಲ ದ್ರ್ವಾ ದ ಫ್ಯುಮೆ ಇಸಿ’ ಅನ್ನಿ, ಇಲ್ಲಿ ಸೇದೋ ಹಾಗಿಲ್ಲ ಅಂತ. ‘ದೆಫಾನ್ಸ್ ದ ಫ್ಯುಮೆ’ ಅಂದರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ‘ಧೂಮಪಾನ ನಿಷೇಧಿಸಲಾಗಿದೆ’ ಅಂದಷ್ಟೇ ನಗು ಬರುತ್ತದೆ.